ಸಿಲಿಂಡರ್ ಅಲ್ಲಾಡಿಸಿದರೆ ನೀರಿನ ಸದ್ದು ಯಾಕೆ ಬರುತ್ತದೆ?

ಪ್ರಶ್ನೆ: ಅಡುಗೆ ಗ್ಯಾಸ್ ಸಿಲಿಂಡರ್ ಅಲ್ಲಾಡಿಸಿದರೆ ಒಳಗೆ ನೀರು ತುಳುಕಿದ ಹಾಗೆ ಸದ್ದು ಬರುತ್ತದೆ. ಒಲೆಗೆ ಬರುವುದು ಮಾತ್ರ ಗ್ಯಾಸ್. ಮಗಳ ವಿಜ್ಞಾನದ ಪುಸ್ತಕದಲ್ಲಿ ಮೂರು ಚಿತ್ರಗಳಿವೆ: ಘನದಲ್ಲಿ ಕಣಗಳು ಒತ್ತೊತ್ತಾಗಿ, ದ್ರವದಲ್ಲಿ ಸ್ವಲ್ಪ ದೂರ ದೂರ, ಅನಿಲದಲ್ಲಿ ಇನ್ನೂ ದೂರ. ಹಾಗಾದರೆ ಸಿಲಿಂಡರ್ ಒಳಗೆ ಕಣಗಳು ಹೇಗಿವೆ? ಇನ್ನೊಂದು, ಚಳಿಗಾಲದಲ್ಲಿ ಗ್ಯಾಸ್ ಮುಗಿಯುವ ಹೊತ್ತಿಗೆ ಉರಿ ಸಣ್ಣಗಾಗುತ್ತದೆ. ಆಗ ಮನೆಯಲ್ಲಿ ಸಿಲಿಂಡರನ್ನು ಮಲಗಿಸುತ್ತಾರೆ, ಬಿಸಿನೀರಲ್ಲಿ ಇಡುತ್ತಾರೆ. ಇದು ಸರಿಯಾ? – ಚಿಕ್ಕಮಗಳೂರು ಕಡೆಯ ಓದುಗರು

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಮಲಗಿಸಬೇಡಿ, ಬಿಸಿನೀರಲ್ಲಿ ಇಡಬೇಡಿ. ಯಾಕೆ ಅನ್ನುವುದು ಮುಂದೆ ತಾನಾಗಿ ಗೊತ್ತಾಗುತ್ತದೆ, ಯಾಕೆಂದರೆ ನೀವು ಕೇಳಿದ ಎಲ್ಲಾ ಪ್ರಶ್ನೆಗಳ ಬೇರು ಒಂದೇ.

ಸಿಲಿಂಡರ್ ಒಳಗೆ ತುಳುಕುವುದು ನಿಜವಾಗಿಯೂ ದ್ರವವೇ. ನೀರಲ್ಲ, ಪ್ರೊಪೇನ್ ಮತ್ತು ಬ್ಯುಟೇನ್ ಎಂಬ ಎರಡು ವಸ್ತುಗಳ ಮಿಶ್ರಣ. ನೋಡಬೇಕು ಅಂದರೆ ಅಂಗಡಿಯಲ್ಲಿ ಸಿಗುವ ಪಾರದರ್ಶಕ ಪ್ಲಾಸ್ಟಿಕ್ ಲೈಟರ್ ಒಂದನ್ನು ಬೆಳಕಿಗೆ ಹಿಡಿಯಿರಿ. ಒಳಗೆ ನೀರಿನ ಥರ ಕಾಣುವುದು ಹೆಚ್ಚಾಗಿ ಬ್ಯುಟೇನ್. ದೊಡ್ಡ ಸಿಲಿಂಡರ್ ಒಳಗೂ ಇದೇ ದೃಶ್ಯ. ಕೆಳಗೆ ದ್ರವ, ಮೇಲಿನ ಖಾಲಿ ಜಾಗದಲ್ಲಿ ಅದರದ್ದೇ ಆವಿ. ವಾಲ್ವ್ ಮೇಲ್ಗಡೆ ಇರುವುದರಿಂದ ಒಲೆಗೆ ಬರುವುದು ಆವಿ ಮಾತ್ರ.

ಈಗ ನಿಮ್ಮ ಮಗಳ ಪುಸ್ತಕದ ಚಿತ್ರಕ್ಕೆ ಬರೋಣ. ನನಗೆ ಈ ಮೂರು ಪೆಟ್ಟಿಗೆಯ ಚಿತ್ರದ ಮೇಲೆ ಹಳೆಯ ತಕರಾರಿದೆ. ಘನದ ಚಿತ್ರ ಪರವಾಗಿಲ್ಲ. ಮಧ್ಯದ ಚಿತ್ರವೇ ತಪ್ಪು ದಾರಿಗೆ ಎಳೆಯುವುದು. ದ್ರವದ ಕಣಗಳ ನಡುವೆ ಅಷ್ಟೊಂದು ಬಿಳಿ ಜಾಗ ಬಿಟ್ಟರೆ, ದ್ರವ ಅನ್ನುವುದು ಘನಕ್ಕೂ ಅನಿಲಕ್ಕೂ ಸರಿ ನಡುವೆ ಇದೆ ಅಂತ ಮಕ್ಕಳು ತಿಳಿದುಕೊಳ್ಳುತ್ತಾರೆ. ಹಾಗಿಲ್ಲ. ದ್ರವದ ಕಣಗಳೂ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಜಾಗದ ಲೆಕ್ಕದಲ್ಲಿ ದ್ರವ ಘನದ ಪಕ್ಕದ ಮನೆ, ಅನಿಲ ಬೇರೆ ಊರು.

ತೆಂಗಿನೆಣ್ಣೆ ನೋಡಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಇಳಿದರೆ ಗಟ್ಟಿಯಾಗುತ್ತದೆ, ನಿಮ್ಮ ಕಡೆ ಡಿಸೆಂಬರಿನಲ್ಲಿ ಬಾಟಲಿಯನ್ನು ಬಿಸಿಲಿಗೆ ಇಡದೆ ತಲೆಗೆ ಎಣ್ಣೆ ಹಚ್ಚುವ ಹಾಗೇ ಇಲ್ಲ, ಅಲ್ವಾ? ಗಟ್ಟಿಯಾದಾಗ ಬಾಟಲಿಯಲ್ಲಿ ಮಟ್ಟ ಸ್ವಲ್ಪ ಇಳಿಯುತ್ತದೆ, ಅಷ್ಟೇ. ಅರ್ಧಂಬರ್ಧ ಕರಗಿದ್ದರೆ ಗಟ್ಟಿ ಭಾಗ ತಳದಲ್ಲಿ ಕೂರುತ್ತದೆ. ಅಂದರೆ ಘನದಲ್ಲಿ ಕಣಗಳು ಸ್ವಲ್ಪ ಹೆಚ್ಚು ಒತ್ತಾಗಿವೆ, ಆದರೆ ಬಹಳ ಏನಲ್ಲ. ನೀರು ಇಲ್ಲಿ ಉಲ್ಟಾ. ಮಂಜುಗಡ್ಡೆಯಾದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಹಾಗಾಗಿ ತೇಲುತ್ತದೆ. ದ್ರವವಾದ ತಕ್ಷಣ ಕಣಗಳು ದೂರ ಹೋಗಲೇಬೇಕು ಎಂದಿದ್ದರೆ ಐಸ್ ತೇಲುತ್ತಲೇ ಇರಲಿಲ್ಲ.

ಹಾಗಾದರೆ ಘನಕ್ಕೂ ದ್ರವಕ್ಕೂ ವ್ಯತ್ಯಾಸ ಏನು? ಜಾಗ ಅಲ್ಲ, ಸ್ಥಾನ. ಸಿಲಿಂಡರಿನ ಗೋಡೆ ಉಕ್ಕು. ಅದರ ಕಬ್ಬಿಣದ ಒಂದು ಪರಮಾಣುವಿಗೆ ತೀರಾ ಹತ್ತಿರದ ನೆರೆಯವರು 8. ಆ ನೆರೆಯವರು ಬದಲಾಗುವುದಿಲ್ಲ. ಪರಮಾಣು ತನ್ನ ಜಾಗದಲ್ಲೇ ಸೆಕೆಂಡಿಗೆ ಲಕ್ಷ ಕೋಟಿಗಳ ಲೆಕ್ಕದಲ್ಲಿ ಅದುರುತ್ತಿರುತ್ತದೆ. ಗೋಡೆಯ ಒಳಬದಿಗೆ ತಾಗಿಕೊಂಡಿರುವ ದ್ರವದ ಕಣಗಳ ಕಥೆ ಬೇರೆ. ಜಾತ್ರೆಯಲ್ಲಿ ತೇರು ಎಳೆಯುವ ಹೊತ್ತಿನ ನೂಕುನುಗ್ಗಲು ನೆನಪಿಸಿಕೊಳ್ಳಿ. ಮೈಗೆ ಮೈ ತಾಗಿದೆ, ಕೈ ಆಡಿಸಲು ಜಾಗವಿಲ್ಲ, ಆದರೂ ಹತ್ತು ನಿಮಿಷ ಬಿಟ್ಟು ನೋಡಿದರೆ ನಿಮ್ಮ ಅಕ್ಕಪಕ್ಕದಲ್ಲಿ ಬೇರೆಯೇ ಜನ. ದ್ರವ ಅಂದರೆ ಅದೇ. ಒತ್ತು ಹಾಗೇ ಇರುತ್ತದೆ, ನೆರೆಹೊರೆ ಮಾತ್ರ ಬದಲಾಗುತ್ತಲೇ ಇರುತ್ತದೆ. ಆದ್ದರಿಂದಲೇ ದ್ರವ ಹರಿಯುತ್ತದೆ, ಪಾತ್ರೆಯ ಆಕಾರ ತಾಳುತ್ತದೆ, ಆದರೆ ಅದುಮಿದರೆ ಅದುಮಿಸಿಕೊಳ್ಳುವುದಿಲ್ಲ.

ಘನದಲ್ಲಿ ಕಣ ಜಾಗ ಬಿಟ್ಟು ಕದಲುವುದೇ ಇಲ್ಲ ಅಂತಲೂ ಅಲ್ಲ ಬಿಡಿ. ಪೀಣ್ಯದಂಥ ಕಡೆ ಹೀಟ್ ಟ್ರೀಟ್‌ಮೆಂಟ್ ಮಾಡುವವರನ್ನು ಕೇಳಿ. ಗೇರ್‌ಗಳನ್ನು 900 ಡಿಗ್ರಿಗಿಂತ ಹೆಚ್ಚು ಕಾಯಿಸಿ, ಇಂಗಾಲ ಇರುವ ಅನಿಲದಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಇಂಗಾಲದ ಪರಮಾಣುಗಳು ಗಟ್ಟಿ ಉಕ್ಕಿನೊಳಗೆ ತೂರಿಕೊಂಡು ಹೋಗುತ್ತವೆ. ಸುಮಾರು ಒಂದು ಮಿಲಿಮೀಟರ್ ಆಳಕ್ಕೆ, ಅಷ್ಟೇ, ಆದರೆ ಹೋಗುತ್ತವೆ. ಗೇರಿನ ಹಲ್ಲು ಗಟ್ಟಿಯಾಗುವುದೇ ಹೀಗೆ.

ಈಗ ಅನಿಲ. ಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕೆಜಿ ಇಂಧನ ಇರುತ್ತದೆ. ದ್ರವವಾಗಿ ಅದು 26 ಲೀಟರ್ ಆಸುಪಾಸು. ಸಿಲಿಂಡರಿನ ಒಟ್ಟು ಹೊಟ್ಟೆ ಸುಮಾರು 33 ಲೀಟರ್. ಇಷ್ಟೂ ದ್ರವ ಆವಿಯಾಗಿ ಅಡುಗೆಮನೆಯ ಗಾಳಿಯ ಒತ್ತಡಕ್ಕೆ ಬಂದರೆ ಎಷ್ಟು ಜಾಗ ಬೇಕು ಗೊತ್ತಾ? ಆರೂವರೆ ಸಾವಿರ ಲೀಟರಿಗಿಂತ ಜಾಸ್ತಿ. ಸುಮಾರು 250 ಪಟ್ಟು. ತಾಗಿಕೊಂಡಿದ್ದ ಕಣಗಳು ಈಗ ಎಲ್ಲಾ ದಿಕ್ಕಿನಲ್ಲೂ ಆರೇಳು ಪಟ್ಟು ದೂರ ಸರಿದಿವೆ, ನಡುವೆ ಇರುವುದು ಖಾಲಿ ಜಾಗ. ಗಾಳಿ ಅಲ್ಲ, ಖಾಲಿ. ಈ ಮಾತು ಹೇಳಿದಾಗ ಕ್ಲಾಸಿನಲ್ಲಿ ಯಾರಾದರೂ ಒಬ್ಬರು "ಆ ಖಾಲಿಯಲ್ಲಿ ಏನಿರುತ್ತೆ ಸಾರ್?" ಅಂತ ಕೇಳಿಯೇ ಕೇಳುತ್ತಾರೆ. ಏನೂ ಇರುವುದಿಲ್ಲ.

ಇನ್ನೊಂದು ತಪ್ಪು ಕಲ್ಪನೆ ಇದೆ, ಪುಸ್ತಕಗಳೇ ಬೆಳೆಸಿದ್ದು. "ಘನದಲ್ಲಿ ಕಣಗಳು ನಿಧಾನ, ದ್ರವದಲ್ಲಿ ಸ್ವಲ್ಪ ವೇಗ, ಅನಿಲದಲ್ಲಿ ತುಂಬಾ ವೇಗ" ಅನ್ನುವುದು. ಸಿಲಿಂಡರ್ ಒಳಗೆ ದ್ರವವೂ ಆವಿಯೂ ಒಂದೇ ತಾಪಮಾನದಲ್ಲಿ ಇವೆ, ಅಲ್ವಾ? ತಾಪಮಾನ ಒಂದೇ ಆದರೆ ಕಣಗಳ ಸರಾಸರಿ ಚಲನೆಯ ಶಕ್ತಿಯೂ ಒಂದೇ. ದ್ರವದಲ್ಲಿರುವ ಪ್ರೊಪೇನ್ ಅಣು, ಮೇಲೆ ಆವಿಯಲ್ಲಿರುವ ಪ್ರೊಪೇನ್ ಅಣು, ಎರಡೂ ಸರಾಸರಿ ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲೇ ಇವೆ. ಗಾಳಿಯಲ್ಲಿ ಶಬ್ದ ಹೋಗುವುದಕ್ಕಿಂತ ಜೋರು. ಆವಿಯಲ್ಲಿರುವುದಕ್ಕೆ ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮುಂಚೆ ಒಂದಷ್ಟು ದೂರ ಓಡಲು ಜಾಗವಿದೆ. ದ್ರವದಲ್ಲಿರುವುದಕ್ಕೆ ಇಲ್ಲ, ಹೊರಟಲ್ಲೇ ಪಕ್ಕದವರಿಗೆ ಬಡಿದು ವಾಪಸ್.

ಇಷ್ಟು ವೇಗ ಇದ್ದರೆ ಗ್ಯಾಸ್ ಸೋರಿದ ವಾಸನೆ ಅಡುಗೆಮನೆಯಿಂದ ಹಜಾರಕ್ಕೆ ಕಣ್ಣುಮಿಟುಕಿಸುವುದರಲ್ಲಿ ಬರಬೇಕಲ್ಲ, ಯಾಕೆ ನಿಮಿಷಗಟ್ಟಲೆ ಆಗುತ್ತದೆ? ಇದನ್ನು ಮೊದಲು ಕೇಳಿದ್ದು ಡಚ್ ಹವಾಮಾನ ವಿಜ್ಞಾನಿ ಬೈಸ್ ಬಲೊಟ್. ಜರ್ಮನಿಯ ಕ್ಲಾಸಿಯಸ್ 1857ರಲ್ಲಿ ಅನಿಲದ ಕಣಗಳು ಸೆಕೆಂಡಿಗೆ ನೂರಾರು ಮೀಟರ್ ಓಡುತ್ತವೆ ಎಂದು ಲೆಕ್ಕ ಹಾಕಿ ಬರೆದಿದ್ದ. ಹಾಗಿದ್ದರೆ ಕೋಣೆಯ ಒಂದು ಮೂಲೆಯಲ್ಲಿ ಬಿಟ್ಟ ಅನಿಲ ಇನ್ನೊಂದು ಮೂಲೆಯಲ್ಲಿ ಮೂಗಿಗೆ ತಾಗಲು ಯಾಕೆ ಅಷ್ಟು ಹೊತ್ತು ಎಂದು ಬಲೊಟ್ ಆಕ್ಷೇಪ ಎತ್ತಿದ. ಒಳ್ಳೆಯ ಆಕ್ಷೇಪ. ಕ್ಲಾಸಿಯಸ್ ಮರುವರ್ಷವೇ ಉತ್ತರ ಕೊಟ್ಟ: ಕಣ ನೇರ ಹೋಗುವುದೇ ಇಲ್ಲ, ಮಾರಿಗೊಂದು ಡಿಕ್ಕಿ. ನಮ್ಮ ಸುತ್ತಲಿನ ಗಾಳಿಯಲ್ಲಿ ಒಂದು ಅಣು ಒಂದು ಡಿಕ್ಕಿಯಿಂದ ಇನ್ನೊಂದು ಡಿಕ್ಕಿಗೆ ಓಡುವ ದೂರ ಸರಾಸರಿ 70 ನ್ಯಾನೋಮೀಟರಿನಷ್ಟೂ ಇಲ್ಲ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಸೆಕೆಂಡಿಗೆ ನೂರಾರು ಕೋಟಿ ಡಿಕ್ಕಿ, ಪ್ರತಿ ಡಿಕ್ಕಿಗೂ ದಿಕ್ಕು ಬದಲು. ಹೀಗಿರುವಾಗ ಮುಂದೆ ಸಾಗುವುದು ಎಷ್ಟು? ನಿಜ ಹೇಳಬೇಕು ಅಂದರೆ ವಾಸನೆ ನಮಗೆ ನಿಮಿಷಗಳಲ್ಲಿ ತಲುಪುವುದೂ ಫ್ಯಾನು, ಕಿಟಕಿಯ ಗಾಳಿಯ ಪುಣ್ಯ. ಕಣಗಳು ಸುಮ್ನೆ ತಮ್ಮಷ್ಟಕ್ಕೆ ಹರಡಬೇಕು ಅಂದರೆ ಗಂಟೆಗಳೇ ಬೇಕು.

ಈಗ ಒತ್ತಡದ ವಿಷಯ, ನಿಮ್ಮ ಚಳಿಗಾಲದ ತೊಂದರೆ ಇರುವುದು ಇಲ್ಲೇ.

ದ್ರವದಲ್ಲಿ ಎಲ್ಲಾ ಕಣಗಳ ವೇಗ ಒಂದೇ ಅಲ್ಲ. ಸರಾಸರಿ ಅಂದೆ, ಕೆಲವು ತೀರಾ ನಿಧಾನ, ಕೆಲವು ತುಂಬಾ ಜೋರು. ಮೇಲ್ಮೈಯಲ್ಲಿರುವ ಜೋರು ಕಣಗಳು ಪಕ್ಕದವುಗಳ ಎಳೆತ ಬಿಡಿಸಿಕೊಂಡು ಮೇಲಕ್ಕೆ ಹಾರುತ್ತವೆ. ಬಿಡಿಸಿಕೊಳ್ಳುವಾಗ ವೇಗ ಕಳೆದುಕೊಳ್ಳುತ್ತವೆ, ಹಾಗಾಗಿ ಆವಿ ದ್ರವಕ್ಕಿಂತ ಬಿಸಿಯಾಗುವುದಿಲ್ಲ. ಮೇಲೆ ಆವಿ ತುಂಬುತ್ತಾ ಹೋದಂತೆ ವಾಪಸ್ ಬೀಳುವವೂ ಜಾಸ್ತಿಯಾಗುತ್ತವೆ. ವಾಲ್ವ್ ಮುಚ್ಚಿದ್ದರೆ ಒಂದು ಹಂತದಲ್ಲಿ ಹೋಗುವವು, ಬರುವವು ಸಮ. ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ ಅನಿಸುತ್ತದೆ, ಒಳಗೆ ಮಾತ್ರ ಓಡಾಟ ನಿಂತಿರುವುದಿಲ್ಲ. ಆಗ ಆವಿ ಗೋಡೆಗೆ ಬಡಿಯುವ ಬಲವೇ ಸಿಲಿಂಡರಿನ ಒತ್ತಡ. ಸಾಧಾರಣ ದಿನದಲ್ಲಿ ಅದು ಹೊರಗಿನ ಗಾಳಿಯ ಒತ್ತಡದ ಐದಾರು ಪಟ್ಟು ಇರಬಹುದು, ಮಿಶ್ರಣ ಹೇಗಿದೆ, ದಿನ ಎಷ್ಟು ಬಿಸಿ ಅನ್ನುವುದರ ಮೇಲೆ.

ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ಒತ್ತಡ ಎಷ್ಟು ದ್ರವ ಉಳಿದಿದೆ ಅನ್ನುವುದನ್ನು ಅವಲಂಬಿಸಿಲ್ಲ. ಅರ್ಧ ಇದ್ದರೂ ಕಾಲು ಇದ್ದರೂ ದ್ರವ ಇರುವವರೆಗೆ, ತಾಪಮಾನ ಮತ್ತು ಮಿಶ್ರಣ ಅದೇ ಇದ್ದರೆ, ಒತ್ತಡವೂ ಅದೇ. ಹಾಗಾಗಿ ಒತ್ತಡ ತೋರಿಸುವ ಮೀಟರ್ ಹಾಕಿ ಎಷ್ಟು ಗ್ಯಾಸ್ ಉಳಿದಿದೆ ಎಂದು ತಿಳಿಯಲು ಆಗುವುದಿಲ್ಲ. ಹಾಗೆ ಹೇಳಿ ಮೀಟರ್ ಮಾರುವವರನ್ನು ನಂಬಬೇಡಿ.

ನೀವು ಒಲೆ ಹಚ್ಚಿದಾಗ ಆವಿ ಹೊರಗೆ ಹೋಗುತ್ತದೆ, ಒತ್ತಡ ಒಂಚೂರು ಇಳಿಯುತ್ತದೆ, ಸಮ ತಪ್ಪುತ್ತದೆ, ದ್ರವದಿಂದ ಇನ್ನಷ್ಟು ಕಣಗಳು ಮೇಲೇಳುತ್ತವೆ. ದೊಡ್ಡ ಬರ್ನರ್ ಹಾಕಿದರೆ ಒಳಗೆ ಗುಳ್ಳೆ ಎದ್ದು ಕುದಿಯಲೂಬಹುದು, ಬೆಂಕಿ ಇಲ್ಲದೆಯೇ. ಪ್ರೊಪೇನ್ ಗಾಳಿಯ ಒತ್ತಡದಲ್ಲಿ ಮೈನಸ್ 42 ಡಿಗ್ರಿಯಲ್ಲೇ ಕುದಿಯುವ ವಸ್ತು. ಬ್ಯುಟೇನ್ ಕುದಿಯುವುದು ಸೊನ್ನೆ ಡಿಗ್ರಿಯ ಹತ್ತಿರ.

ಆದರೆ ಜೋರು ಕಣಗಳೇ ಹೊರಟು ಹೋದರೆ ಉಳಿದವುಗಳ ಸರಾಸರಿ ಇಳಿಯುತ್ತದೆ, ಅಂದರೆ ದ್ರವ ತಣ್ಣಗಾಗುತ್ತದೆ. ಒಂದು ಕೆಜಿ ಆವಿಯಾಗಲು ಬೇಕಾದ ಶಾಖ ಸಣ್ಣದೇನಲ್ಲ, ಹೆಚ್ಚುಕಡಿಮೆ ಒಂದು ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸುವಷ್ಟು. ಆ ಶಾಖ ಬರಬೇಕಾದ್ದು ಕೋಣೆಯ ಗಾಳಿಯಿಂದ, ಸಿಲಿಂಡರಿನ ಗೋಡೆಯ ಮೂಲಕ. ಮನೆಯ ಒಲೆಗೆ ಇದು ಸಾಕಾಗುತ್ತದೆ. ಮದುವೆ ಅಡುಗೆಯಲ್ಲಿ ದೊಡ್ಡ ಒಲೆ ಗಂಟೆಗಟ್ಟಲೆ ಉರಿದರೆ ಸಾಕಾಗುವುದಿಲ್ಲ, ಆಗ ಸಿಲಿಂಡರಿನ ಹೊರಮೈಗೆ ನೀರು ಕಟ್ಟುತ್ತದೆ, ಕೆಲವೊಮ್ಮೆ ಬೆಳ್ಳಗೆ ಮಂಜೂ ಕೂರುತ್ತದೆ. ಅದು ಒಳಗಿನಿಂದ ಸೋರಿದ್ದಲ್ಲ, ಗಾಳಿಯಲ್ಲಿದ್ದ ನೀರಾವಿ.

ನಿಮ್ಮ ಮನೆಯಲ್ಲಿ ಮೂರು ಕಾರಣ ಒಟ್ಟಿಗೆ ಸೇರುತ್ತವೆ. ಕೋಣೆ ಮೊದಲೇ ತಣ್ಣಗಿದೆ, ಒಂದು. ಗ್ಯಾಸ್ ಮುಗಿಯುವ ಹೊತ್ತಿಗೆ ದ್ರವ ತಳದಲ್ಲಿ ಸ್ವಲ್ಪವೇ ಇರುವುದರಿಂದ ಗೋಡೆಗೆ ತಾಗುವ ಭಾಗ ಕಡಿಮೆ, ಶಾಖ ಒಳಗೆ ಬರುವುದೂ ಕಡಿಮೆ, ಎರಡು. ಮೂರನೆಯದು ಸ್ವಲ್ಪ ಸೂಕ್ಷ್ಮ: ಪ್ರೊಪೇನ್ ಸುಲಭವಾಗಿ ಹಾರುತ್ತದೆ, ಬ್ಯುಟೇನ್ ಅಷ್ಟು ಸುಲಭವಾಗಿ ಹಾರುವುದಿಲ್ಲ. ಹೊಸ ಸಿಲಿಂಡರಿನಿಂದ ಬರುವ ಆವಿಯಲ್ಲಿ ಪ್ರೊಪೇನಿನ ಪಾಲು ಜಾಸ್ತಿ, ಕೊನೆಗೆ ತಳದಲ್ಲಿ ಉಳಿಯುವುದು ಹೆಚ್ಚಾಗಿ ಬ್ಯುಟೇನ್. ಅದರ ಒತ್ತಡ ಕಡಿಮೆ. ಉರಿ ಸಣ್ಣಗಾಗದೆ ಇನ್ನೇನಾಗುತ್ತದೆ?

ಅದೇ ಕಾರಣಕ್ಕೆ ಮುಗಿಯುವ ಹೊತ್ತಿಗೆ ವಾಸನೆಯೂ ಜಾಸ್ತಿಯಾಗುವುದನ್ನು ನೀವು ಗಮನಿಸಿರಬಹುದು. ಎಲ್‌ಪಿಜಿಗೆ ಸ್ವಂತ ವಾಸನೆ ಹೆಚ್ಚೇನಿಲ್ಲ, ಸೋರಿದರೆ ಗೊತ್ತಾಗಲಿ ಎಂದು ಈಥೈಲ್ ಮರ್ಕಾಪ್ಟನ್ ಎಂಬ ಗಂಧಕದ ವಸ್ತು ಬೆರೆಸುತ್ತಾರೆ. ಅದರ ಕುದಿಬಿಂದು 35 ಡಿಗ್ರಿ. ಪ್ರೊಪೇನ್, ಬ್ಯುಟೇನ್ ಎರಡಕ್ಕಿಂತಲೂ ಸೋಮಾರಿ. ಹಾಗಾಗಿ ಅದು ಹಿಂದೆ ಉಳಿದು ಉಳಿದು, ತಳದ ದ್ರವದಲ್ಲಿ ಸಾಂದ್ರವಾಗುತ್ತದೆ. ಆದರೂ ವಾಸನೆ ಬಂದಾಗ "ಓ, ಮುಗಿಯುತ್ತಿದೆ" ಅಂತ ಸುಮ್ನಿರಬೇಡಿ. ಒಮ್ಮೆ ಸೋಪಿನ ನೊರೆ ಹಚ್ಚಿ ಪೈಪು, ರೆಗ್ಯುಲೇಟರ್ ನೋಡಿ, ಗುಳ್ಳೆ ಬಂದರೆ ಸೋರುತ್ತಿದೆ ಎಂದೇ ಅರ್ಥ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಮೇಲಿನ ಕಿಟಕಿ ತೆರೆದರೆ ಸಾಲದು, ಬಾಗಿಲು ತೆರೆಯಬೇಕು. ಸ್ವಿಚ್ ಮುಟ್ಟಬೇಡಿ.

ಈಗ ಬಿಸಿನೀರು ಯಾಕೆ ಬೇಡ ಅನ್ನುವುದು. ಮುಚ್ಚಿದ ಡಬ್ಬಿಯಲ್ಲಿ ಬರೀ ಗಾಳಿ ಇದೆ ಅಂದುಕೊಳ್ಳಿ. 20 ಡಿಗ್ರಿಯಿಂದ 50ಕ್ಕೆ ಕಾಯಿಸಿದರೆ ಒತ್ತಡ ಏರುವುದು ಶೇ. 10ರಷ್ಟು ಮಾತ್ರ. ಕಣಗಳ ಸಂಖ್ಯೆ ಅಷ್ಟೇ ಇದೆ, ಬಡಿತ ಸ್ವಲ್ಪ ಜೋರಾಗಿದೆ. ಆದರೆ ಕೆಳಗೆ ದ್ರವ ಇದ್ದರೆ, ಕಾಯಿಸಿದಾಗ ಬಡಿತ ಜೋರಾಗುವುದಷ್ಟೇ ಅಲ್ಲ, ಬಡಿಯುವ ಕಣಗಳ ಸಂಖ್ಯೆಯೂ ಏರುತ್ತದೆ. ಪ್ರೊಪೇನಿನ ಒತ್ತಡ 20ರಿಂದ 50 ಡಿಗ್ರಿಗೆ ದುಪ್ಪಟ್ಟಾಗುತ್ತದೆ. ಕುದಿನೀರು ಅಂದರೆ ಇನ್ನೂ ಎಷ್ಟೋ ಮೇಲೆ. ಜೊತೆಗೆ ದ್ರವವೂ ಹಿಗ್ಗುತ್ತದೆ. ಸಿಲಿಂಡರ್ ತುಂಬುವಾಗ ಮೇಲೆ ಜಾಗ ಬಿಡುವುದು ಇದಕ್ಕೇ, ನಿಮಗೆ ಕಡಿಮೆ ಕೊಡಲಿಕ್ಕಲ್ಲ. ದ್ರವ ಅದುಮಿಸಿಕೊಳ್ಳುವುದಿಲ್ಲ ಅಂದೆನಲ್ಲ, ಪೂರ್ತಿ ತುಂಬಿಬಿಟ್ಟರೆ ಒಂದೊಂದು ಡಿಗ್ರಿ ಏರಿದಾಗಲೂ ಗೋಡೆಯ ಮೇಲೆ ಹಲವು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ, ಉಕ್ಕಾದರೂ ಎಷ್ಟು ತಾಳೀತು?

ಮಲಗಿಸಿದರೆ ಆಗುವುದು ಬೇರೆ ಅನಾಹುತ. ವಾಲ್ವಿನ ಬಾಯಿಗೆ ಆವಿಯ ಬದಲು ದ್ರವ ಬರಬಹುದು. ರೆಗ್ಯುಲೇಟರ್ ಮಾಡಿರುವುದು ಆವಿಗೆ. ಒಂದು ಚಮಚ ದ್ರವ ಪೈಪಿನೊಳಗೆ ನುಗ್ಗಿ ಅಲ್ಲಿ ಆವಿಯಾದರೆ ಅದು 250 ಚಮಚ ಗ್ಯಾಸ್. ಬರ್ನರಿನಲ್ಲಿ ಉರಿ ಮಾರುದ್ದ ಏಳುತ್ತದೆ. ಸ್ವಲ್ಪ ಅಲ್ಲಾಡಿಸಿದಾಗ ಉರಿ ಚೇತರಿಸಿಕೊಂಡಂತೆ ಕಾಣುವುದು ನಿಜ, ತಣ್ಣಗಾದ ಮೇಲ್ಪದರ ಕಲಸಿ, ಗೋಡೆಯ ಬಿಸಿ ಭಾಗಕ್ಕೆ ದ್ರವ ತಾಗುತ್ತದೆ. ನಾಲ್ಕು ನಿಮಿಷದ ಸುಖ. ಒಲೆ ಆರಿಸಿ, ಅರ್ಧ ಗಂಟೆ ಸುಮ್ನೆ ಬಿಟ್ಟರೂ ಕೋಣೆಯ ಶಾಖ ಅದೇ ಕೆಲಸ ಮಾಡುತ್ತದೆ.

ನೀವು ಕೇಳಿಲ್ಲ, ಆದರೆ ಇಲ್ಲಿ ಹೇಳದೆ ಬಿಡಲು ಮನಸ್ಸಿಲ್ಲ. ಎಲ್ಲಾ ಗ್ಯಾಸ್ ಸಿಲಿಂಡರುಗಳೂ ತುಳುಕುವುದಿಲ್ಲ. ಸಿಎನ್‌ಜಿ ಆಟೋದ ಸಿಲಿಂಡರಿನಲ್ಲಿ ಒತ್ತಡ ಗಾಳಿಯ 200 ಪಟ್ಟು, ಆದರೂ ಒಳಗೆ ಒಂದು ಹನಿ ದ್ರವವಿಲ್ಲ. ಅದು ಮೀಥೇನ್. ಅದರ ಅಣುಗಳ ನಡುವಿನ ಎಳೆತ ಎಷ್ಟು ಕಡಿಮೆ ಅಂದರೆ, ಮೈನಸ್ 82 ಡಿಗ್ರಿಗಿಂತ ಬಿಸಿ ಇದ್ದರೆ ಎಷ್ಟೇ ಅದುಮಿದರೂ ದ್ರವವಾಗುವುದಿಲ್ಲ. ಪ್ರತಿ ವಸ್ತುವಿಗೂ ಇಂಥ ಒಂದು ಗಡಿ ಇದೆ. ಪ್ರೊಪೇನಿಗೆ ಅದು 97 ಡಿಗ್ರಿಯ ಹತ್ತಿರ, ಹಾಗಾಗಿ ನಮ್ಮ ಊರಿನ ಯಾವ ಬೇಸಿಗೆಯಲ್ಲೂ ಅದನ್ನು ಒತ್ತಿ ದ್ರವ ಮಾಡಬಹುದು. ಮಜಾ ಇರುವುದು ಕಾರ್ಬನ್ ಡೈಆಕ್ಸೈಡಿನಲ್ಲಿ, ಅದರ ಗಡಿ 31 ಡಿಗ್ರಿ. ಕಚೇರಿಗಳಲ್ಲಿ ಗೋಡೆಗೆ ನೇತುಹಾಕಿರುವ ಕಪ್ಪು ಕೊಳವೆಯ ಅಗ್ನಿಶಾಮಕ ಇದೆಯಲ್ಲ, ಅದರೊಳಗೆ ಇರುವುದು ಇದೇ. ಚಿಕ್ಕಮಗಳೂರಿನ ಜನವರಿಯಲ್ಲಿ ಅದರೊಳಗೆ ಕೆಳಗೆ ದ್ರವ, ಮೇಲೆ ಆವಿ. ಕಲಬುರಗಿಯ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಅದೇ ಸಿಲಿಂಡರ್ ಒಳಗೆ ದ್ರವವೂ ಇಲ್ಲ, ಆವಿಯೂ ಇಲ್ಲ, ಎರಡರ ನಡುವಿನ ಗೆರೆಯೇ ಅಳಿಸಿಹೋಗಿ ಒಂದೇ ವಸ್ತು ತುಂಬಿಕೊಂಡಿರುತ್ತದೆ. ಮೂರು ಪೆಟ್ಟಿಗೆಯ ಚಿತ್ರದಲ್ಲಿ ಅದಕ್ಕೆ ಜಾಗವೇ ಇಲ್ಲ. ಐರ್ಲೆಂಡಿನ ಥಾಮಸ್ ಆಂಡ್ರ್ಯೂಸ್ 1869ರಲ್ಲೇ ಇದನ್ನು ವಿವರಿಸಿದ್ದ.

ಕೊನೆಗೆ, ಎಷ್ಟು ಉಳಿದಿದೆ ಎಂದು ತಿಳಿಯುವುದು ಹೇಗೆ? ಒಲೆ ಉರಿಯುತ್ತಿರುವಾಗ ಅಥವಾ ಆರಿಸಿದ ಕೂಡಲೇ ಸಿಲಿಂಡರನ್ನು ಮೇಲಿಂದ ಕೆಳಕ್ಕೆ ಒದ್ದೆ ಬಟ್ಟೆಯಿಂದ ಒರೆಸಿ. ದ್ರವ ಇರುವ ಮಟ್ಟದವರೆಗೆ ಗೋಡೆ ತಣ್ಣಗಿರುತ್ತದೆ, ಅಲ್ಲಿ ತೇವ ಬೇಗ ಒಣಗುವುದಿಲ್ಲ. ಮೇಲಿನ ಭಾಗ ಮೊದಲು ಒಣಗುತ್ತದೆ. ಗೆರೆ ಎಲ್ಲಿದೆಯೋ ದ್ರವದ ಮಟ್ಟ ಅಲ್ಲಿಯವರೆಗೆ. ಇದು ಅಂದಾಜು. ಸರಿಯಾದ ಲೆಕ್ಕ ಬೇಕಾದರೆ ತೂಕವೇ ಗತಿ: ಖಾಲಿ ಸಿಲಿಂಡರಿನ ತೂಕವನ್ನು ಮೇಲ್ಭಾಗದಲ್ಲೇ ಬರೆದಿರುತ್ತಾರೆ, ಈಗಿನ ತೂಕದಿಂದ ಅದನ್ನು ಕಳೆಯಿರಿ. ಬರೆದಿರುವುದು 15.8 ಕೆಜಿ, ಮನೆಯ ತಕ್ಕಡಿ ತೋರಿಸಿದ್ದು 18 ಕೆಜಿ ಅಂದರೆ ಇನ್ನೂ ಎರಡು ಕೆಜಿ ಚಿಲ್ಲರೆ ಇದೆ, ಗಾಬರಿಯಿಲ್ಲದೆ ನಾಳೆ ಬುಕ್ ಮಾಡಬಹುದು.